ಇಲಿ ಕೊಡುತ್ತಿದ್ದುದನ್ನು ಬಟ್ಟಲಲ್ಲಿ ಕೊಡುವುದು ಹೇಗೆ: ಗಡಿನಾಡಿನ ಮನೆಬೆಕ್ಕಿನ ಊಟದ ಸಮಗ್ರ ಮಾರ್ಗದರ್ಶಿ

ಕಾಸರಗೋಡಿನ ಮಂಜೇಶ್ವರದಿಂದ ಮುಳ್ಳೇರಿಯದವರೆಗೆ ಯಾವ ಮನೆಯ ಹಿರಿಯರನ್ನು ಕೇಳಿದರೂ ಮಾತು ಒಂದೇ: "ನಮ್ಮ ಪುಚ್ಚೆಗೆ ಹಾಲನ್ನ ಬಿಟ್ಟು ಬೇರೆ ಏನು ಕೊಟ್ಟಿದ್ದೇವೆ? ಹತ್ತು ವರ್ಷ ಗಟ್ಟಿಮುಟ್ಟಾಗಿತ್ತು." ಮಾತು ಸುಳ್ಳಲ್ಲ, ಅರ್ಧ ಮಾತ್ರ. ಆ ಬೆಕ್ಕು ಬೆಳಿಗ್ಗೆ ತೆಂಗಿನ ಗೆರಟೆಯಲ್ಲಿ ಹಾಲನ್ನ ನೆಕ್ಕಿ, ರಾತ್ರಿ ಅಟ್ಟದಲ್ಲಿ, ಹಟ್ಟಿಯ ಬೈಹುಲ್ಲಿನ ಎಡೆಯಲ್ಲಿ, ಅಡಿಕೆ ತೋಟದಲ್ಲಿ ಇಲಿ, ಓತಿ, ಹಕ್ಕಿ ಹಿಡಿದು ತಿನ್ನುತ್ತಿತ್ತು. ಅದರ ಊಟ ಅದಾಗಿತ್ತು. ಹಾಲನ್ನ ಮನೆಗೆ ಮರಳಿ ಬರಲು ಒಂದು ನೆಪ.

ಈಗ ಅಟ್ಟ ಹೋಗಿ ತಾರಸಿ ಬಂದಿದೆ, ಹಟ್ಟಿ ಖಾಲಿಯಾಗಿದೆ. ಕಾಸರಗೋಡು ಪೇಟೆಯ ಫ್ಲ್ಯಾಟಿನ ಮೂರನೇ ಮಾಳಿಗೆಯಲ್ಲಿ ಇಲಿ ಇಲ್ಲ, ಇದ್ದರೂ ಅದು ಪಾಷಾಣ ತಿಂದ ಇಲಿ. ಬಟ್ಟಲಲ್ಲಿ ಮಾತ್ರ ಅದೇ ಹಾಲನ್ನ ಉಳಿದಿದೆ. ಹಾಗಾಗಿ ಬೆಕ್ಕಿನ ಊಟದ ಲೆಕ್ಕವನ್ನು ಇಲಿಯಿಂದಲೇ ಶುರುಮಾಡಬೇಕು.

ಒಂದು ಇಲಿಯಲ್ಲಿ ಏನಿದೆ

ಮೂರರಲ್ಲಿ ಎರಡು ಪಾಲು ನೀರು. ನೀರು ತೆಗೆದು ಉಳಿದದ್ದರಲ್ಲಿ ಅರ್ಧಕ್ಕಿಂತ ಹೆಚ್ಚು ಪ್ರೋಟೀನು, ಸುಮಾರು ಕಾಲು ಭಾಗ ಕೊಬ್ಬು, ಪಿಷ್ಟ ತೀರಾ ಅತ್ಯಲ್ಪ. ಎಲುಬಿನಲ್ಲಿ ಸುಣ್ಣದಂಶ, ಯಕೃತ್ತಿನಲ್ಲಿ ವಿಟಮಿನ್ ಎ, ಹೃದಯ ಮತ್ತು ಸ್ನಾಯುಗಳಲ್ಲಿ ಟಾರೀನ್ ಎಂಬ ಪೋಷಕಾಂಶ. ಒಂದು ಸಣ್ಣ ಇಲಿಯಿಂದ ಸಿಗುವ ಶಕ್ತಿ ಸುಮಾರು 30 ಕ್ಯಾಲೊರಿ. 4 ಕಿಲೋ ತೂಕದ ಬೆಕ್ಕಿಗೆ ದಿನಕ್ಕೆ 200ರಿಂದ 250 ಕ್ಯಾಲೊರಿ ಬೇಕು. ಅಂದರೆ ದಿನಕ್ಕೆ ಏಳೆಂಟು ಇಲಿ. "ಹಸಿದ ಬೆಕ್ಕೇ ಇಲಿ ಹಿಡಿಯುವುದು, ಊಟ ಹಾಕಬೇಡಿ" ಎನ್ನುವವರು ಈ ಲೆಕ್ಕ ನೋಡಬೇಕು. ಇಲಿಯನ್ನೇ ನೆಚ್ಚಿಕೊಂಡರೆ ಬೆಕ್ಕು ಬಡಕಲಾಗುತ್ತದೆ, ಇಲ್ಲವೇ ಪಕ್ಕದ ಮನೆಯ ಅಡುಗೆಕೋಣೆ ಸೇರುತ್ತದೆ. ಹೊಟ್ಟೆ ತುಂಬಿದ ಬೆಕ್ಕೂ ಬೇಟೆಯಾಡುತ್ತದೆ. ಅದು ಹುಟ್ಟುಗುಣ, ಹಸಿವಿಗೆ ಕಾಯುವುದಿಲ್ಲ.

ಟಾರೀನ್ ವಿಷಯ ಸ್ವಲ್ಪ ಬಿಡಿಸಿ ಹೇಳಬೇಕು. ಇದನ್ನು ನಾಯಿ, ಮನುಷ್ಯರ ಶರೀರ ತಾನೇ ತಕ್ಕಮಟ್ಟಿಗೆ ತಯಾರಿಸಿಕೊಳ್ಳುತ್ತದೆ. ಬೆಕ್ಕಿನ ಶರೀರಕ್ಕೆ ಸಾಕಾಗುವಷ್ಟು ಆಗುವುದಿಲ್ಲ. ಅನ್ನ, ಬೇಳೆ, ತರಕಾರಿಗಳಲ್ಲಿ ಅದು ಇಲ್ಲವೆಂದೇ ಹೇಳಬೇಕು, ಹಸುವಿನ ಹಾಲಿನಲ್ಲಿ ತೀರಾ ಕಡಿಮೆ. ಕೊರತೆಯಾದರೆ ಕಣ್ಣಿನ ಅಕ್ಷಿಪಟ ಸವೆಯುತ್ತದೆ ಎಂಬುದು 1975ರಲ್ಲಿ, ಹೃದಯದ ಸ್ನಾಯು ತೆಳುವಾಗಿ ಊದಿಕೊಳ್ಳುತ್ತದೆ ಎಂಬುದು 1987ರಲ್ಲಿ ಸ್ಪಷ್ಟವಾಯಿತು. ಕಂಪನಿಗಳು ತಮ್ಮ ಆಹಾರಕ್ಕೆ ಟಾರೀನನ್ನು ಹೆಚ್ಚಿಸಿ ಸೇರಿಸಲು ತೊಡಗಿದ್ದು ಆ ಮೇಲೆ. ಈ ಕೊರತೆ ತಿಂಗಳುಗಟ್ಟಲೆ ಹೊರಗೆ ಕಾಣುವುದಿಲ್ಲ. ಬೆಕ್ಕು ಗೋಡೆಗೆ ತಾಗಿ ನಡೆಯಲು ಶುರುಮಾಡಿದಾಗ ಕಣ್ಣು ಹೋಗಿ ಆಗಿರುತ್ತದೆ, ಹೋದದ್ದು ಮರಳುವುದಿಲ್ಲ.

ಕ್ಯಾರೆಟ್, ಕುಂಬಳಕಾಯಿಯಿಂದ ವಿಟಮಿನ್ ಎ ಮಾಡಿಕೊಳ್ಳುವ ಶಕ್ತಿಯೂ ಬೆಕ್ಕಿಗಿಲ್ಲ, ಪ್ರಾಣಿಜನ್ಯವೇ ಆಗಬೇಕು. ಇನ್ನು ಹಾಲು: ಮರಿ ತಾಯಿಹಾಲು ಬಿಟ್ಟ ಮೇಲೆ ಹಾಲಿನ ಸಕ್ಕರೆಯಾದ ಲ್ಯಾಕ್ಟೋಸನ್ನು ಜೀರ್ಣಿಸುವ ಕಿಣ್ವ ಇಳಿಯುತ್ತಾ ಹೋಗುತ್ತದೆ. ಜಗಲಿಯ ಮೂಲೆಯಲ್ಲಿ ತೆಳ್ಳಗೆ ಭೇದಿ ಮಾಡುವ ಬೆಕ್ಕಿಗೆ ಔಷಧಿ ಹುಡುಕುವ ಮೊದಲು ಒಂದು ವಾರ ಹಾಲು ನಿಲ್ಲಿಸಿ ನೋಡಿ. ಅಭ್ಯಾಸ ಬಿಡಿಸಲಾಗದಿದ್ದರೆ ಎರಡು ಚಮಚ ಮೊಸರು ಸಾಕು.

ಮೊದಲು ತೂಕ

ಪ್ರಮಾಣ ನಿರ್ಧರಿಸುವುದು ತೂಕದ ಮೇಲೆ. ಬೆಕ್ಕನ್ನು ಎತ್ತಿಕೊಂಡು ಮನುಷ್ಯರ ತೂಕದ ಯಂತ್ರದಲ್ಲಿ ನಿಲ್ಲುವುದು, ಆಮೇಲೆ ಒಬ್ಬರೇ ನಿಂತು ಕಳೆಯುವುದು ಒಂದು ದಾರಿ. ಅಡಿಕೆ ತೂಗುವ ಕೊಕ್ಕೆ ತಕ್ಕಡಿ ಮನೆಯಲ್ಲಿದ್ದರೆ ಬೆಕ್ಕನ್ನು ಬಟ್ಟೆ ಚೀಲದಲ್ಲಿ ಕೂರಿಸಿ ತೂಗುವುದು ಇನ್ನೂ ನಿಖರ. ನಮ್ಮ ನಾಡಬೆಕ್ಕುಗಳು ಸಾಮಾನ್ಯವಾಗಿ 3ರಿಂದ 5 ಕಿಲೋ. ಬೆರಳನ್ನು ಪಕ್ಕೆಯ ಮೇಲೆ ಮೆಲ್ಲಗೆ ಆಡಿಸಿದಾಗ ಎಲುಬು ಕೈಗೆ ಸಿಗಬೇಕು, ಕಣ್ಣಿಗೆ ಎದ್ದು ಕಾಣಬಾರದು. ಒತ್ತಿದರೂ ಸಿಗದಿದ್ದರೆ ಬೆಕ್ಕು ದಪ್ಪಗಾಗಿದೆ. ಸಂತಾನಹರಣ ಚಿಕಿತ್ಸೆಯಾದ ಬೆಕ್ಕಿಗೆ ಹಸಿವು ಹೆಚ್ಚು, ಖರ್ಚು ಕಡಿಮೆ. ಅದರ ಪಾಲನ್ನು ಐದರಲ್ಲಿ ಒಂದು ಭಾಗ ತಗ್ಗಿಸಿ, ತಿಂಗಳಿಗೊಮ್ಮೆ ತೂಗಿ.

ಪ್ಯಾಕೆಟಿನ ಆಹಾರ: ಚೀಟಿ ಓದುವ ಕ್ರಮ

ಮೀನು ಮಾಂಸ ಒಲೆಗೇರದ ಮನೆಗಳು ಕುಂಬಳೆ, ಬದಿಯಡ್ಕ, ಪೆರ್ಲದ ಕಡೆ ಬೇಕಾದಷ್ಟಿವೆ. ಅಂಥ ಮನೆಯವರಿಗೆ ಸುಲಭದ ದಾರಿ ಇದೇ. ಅಡುಗೆಕೋಣೆಗೆ ಏನೂ ತರಬೇಕಿಲ್ಲ, ಡಬ್ಬಿ ಹೊರಗಿನ ಕಪಾಟಿನಲ್ಲಿರಲಿ, ಬಟ್ಟಲು ಹಿಂಬದಿಯ ಜಗಲಿಯಲ್ಲಿರಲಿ. ಬೆಕ್ಕನ್ನೇ ಸಸ್ಯಾಹಾರಿ ಮಾಡುತ್ತೇವೆ ಎಂಬ ಹಟ ಮಾತ್ರ ಬೇಡ. ಮಡಿ ನಮಗೆ, ಅದಕ್ಕಲ್ಲ.

ಕೊಳ್ಳುವಾಗ ಮೊದಲು ಹುಡುಕಬೇಕಾದದ್ದು 'ಕಂಪ್ಲೀಟ್ ಅಂಡ್ ಬ್ಯಾಲೆನ್ಸ್ಡ್' ಎಂಬ ಬರಹ. 'ಕಾಂಪ್ಲಿಮೆಂಟರಿ' ಎಂದಿದ್ದರೆ ಅದು ತಿಂಡಿ, ಊಟವಲ್ಲ. ಟ್ಯೂಬಿನಂಥ ಪೊಟ್ಟಣದಿಂದ ನೆಕ್ಕಿಸುವ ಪೇಸ್ಟುಗಳು ಹೆಚ್ಚಾಗಿ ಈ ಜಾತಿ. ಸಾಮಗ್ರಿಗಳ ಪಟ್ಟಿಯಲ್ಲಿ ಮೊದಲ ಹೆಸರು ಕೋಳಿ, ಮೀನು ಇತ್ಯಾದಿ ಆಗಿರಲಿ, ಟಾರೀನ್ ಹೆಸರು ಇರಲೇಬೇಕು. ನೀರು ಕಳೆದ ಲೆಕ್ಕದಲ್ಲಿ ಪ್ರೋಟೀನು ದೊಡ್ಡ ಬೆಕ್ಕಿಗೆ ಕನಿಷ್ಠ 26, ಮರಿಗೆ ಕನಿಷ್ಠ 30 ಶೇಕಡಾ ಬೇಕು. ಇಲ್ಲಿ ಎಲ್ಲರೂ ಎಡವುತ್ತಾರೆ. ಒಣ ಕಾಳಿನ (ಕಾಳಿನಾಕಾರದ ಒಣ ಆಹಾರದ) ಚೀಟಿಯಲ್ಲಿ ಪ್ರೋಟೀನು 30, ಒದ್ದೆ ಆಹಾರದ ಪೌಚಿನ ಚೀಟಿಯಲ್ಲಿ 9 ಎಂದಿದ್ದರೆ ಪೌಚು ಮೋಸ ಅನಿಸುತ್ತದೆ. ಪೌಚಿನಲ್ಲಿ ನೀರು 80 ಶೇಕಡಾ, ಗಟ್ಟಿ ಭಾಗ 20. 20ರಲ್ಲಿ 9 ಅಂದರೆ 45 ಶೇಕಡಾ. ಒಣ ಕಾಳಿನಲ್ಲಿ ಗಟ್ಟಿ ಭಾಗ 90, ಅದರಲ್ಲಿ 30 ಅಂದರೆ 33 ಶೇಕಡಾ. ಪೌಚೇ ಇಲಿಗೆ ಹತ್ತಿರ.

ಒಣ ಕಾಳು 100 ಗ್ರಾಮಿಗೆ 350ರಿಂದ 400 ಕ್ಯಾಲೊರಿ ಕೊಡುತ್ತದೆ. 4 ಕಿಲೋ ಬೆಕ್ಕಿಗೆ ದಿನಕ್ಕೆ 55ರಿಂದ 60 ಗ್ರಾಂ ಸಾಕು. ಒಮ್ಮೆ ತೂಗಿ, ಒಂದು ಲೋಟದಲ್ಲಿ ಗೆರೆ ಹಾಕಿಟ್ಟುಕೊಳ್ಳಿ. ಕಣ್ಣಳತೆ ಯಾವಾಗಲೂ ಜಾಸ್ತಿಯೇ ಆಗುತ್ತದೆ. ನಾಯಿಯ ಆಹಾರ ಅಗ್ಗವೆಂದು ಬೆಕ್ಕಿಗೆ ಹಾಕಬೇಡಿ. ಅದು ನಾಯಿಯ ಅಗತ್ಯಕ್ಕೆ ಮಾಡಿದ್ದು, ಬೆಕ್ಕಿಗೆ ಬೇಕಾದಷ್ಟು ಟಾರೀನಾಗಲಿ ಪ್ರೋಟೀನಾಗಲಿ ಅದರಲ್ಲಿರುವುದಿಲ್ಲ.

ನಮ್ಮ ಮಳೆಗಾಲದಲ್ಲಿ ಒಣ ಕಾಳು ಬಹುಬೇಗ ಹಾಳು. ದೊಡ್ಡ ಚೀಲ ಲಾಭವೆಂದು ಜೂನ್ ತಿಂಗಳಲ್ಲಿ 7 ಕಿಲೋ ತಂದರೆ ಅರ್ಧಕ್ಕೆ ಬರುವಾಗ ಕೊಬ್ಬು ಕನರುತ್ತದೆ, ಬೂಷ್ಟು ಹಿಡಿಯುತ್ತದೆ. ಬೂಷ್ಟಿನ ವಿಷ ಯಕೃತ್ತನ್ನು ಕೆಡಿಸುತ್ತದೆ, ಬಿಸಿಲಿಗೆ ಹಾಕಿದರೂ ಹೋಗುವುದಿಲ್ಲ. ತಿಂಗಳಲ್ಲಿ ಮುಗಿಯುವಷ್ಟೇ ತನ್ನಿ. ಕಾಳನ್ನು ಡಬ್ಬಿಗೆ ಸುರಿಯದೆ, ಚೀಲದ ಬಾಯಿ ಮಡಚಿ ಕ್ಲಿಪ್ ಹಾಕಿ, ಚೀಲ ಸಮೇತ ಸ್ಟೀಲ್ ಡಬ್ಬಿಯಲ್ಲಿಡಿ. ಡಬ್ಬಿಯ ತಳಕ್ಕಂಟಿದ ಹಳೆಯ ಜಿಡ್ಡು ಹೊಸ ಕಾಳನ್ನೂ ಕೆಡಿಸುತ್ತದೆ. ಅಂಗಡಿಯಲ್ಲಿ ಚೀಲ ಬಿಚ್ಚಿ ಬಿಡಿಯಾಗಿ ಮಾರುವ ಕಾಳು ಎಷ್ಟು ದಿನದ್ದೋ, ಯಾವ ಕಂಪನಿಯದೋ ಗೊತ್ತಾಗದು, ಬಿಟ್ಟುಬಿಡಿ.

ಮನೆಯಲ್ಲಿ ಬೇಯಿಸುವವರಿಗೆ

ಕೆಳಗಿನ ಪಟ್ಟಿ 4 ಕಿಲೋ ಬೆಕ್ಕಿಗೆ ಸುಮಾರು ಆರು ದಿನದ ಪೂರ್ಣ ಪ್ರಮಾಣ. ಕಾಲು ಪಾಲು ಮಾತ್ರ ಮನೆಯೂಟ, ಮುಕ್ಕಾಲು ಪಾಲು ಪ್ಯಾಕೆಟು ಎಂದು ಇಟ್ಟುಕೊಂಡರೆ ಹೆಚ್ಚು ಚಿಂತೆಯಿಲ್ಲ. ಪೂರ್ತಿ ಮನೆಯೂಟವೇ ಆಗಬೇಕೆಂದರೆ ಇಷ್ಟರಿಂದ ಸಾಲದು. ಟಾರೀನ್, ವಿಟಮಿನ್ ಇ, ಬಿ1, ಸತು, ಅಯೋಡಿನ್ ಕೊರತೆ ಬೀಳುತ್ತದೆ. ಈ ಪಟ್ಟಿಯನ್ನೇ ಪಶುವೈದ್ಯರಿಗೆ ತೋರಿಸಿ ಬೆಕ್ಕಿನ ಪೂರಕ ಪುಡಿ ಬರೆಸಿಕೊಳ್ಳಿ.

ಚರ್ಮ, ಎಲುಬು ತೆಗೆದ ಕೋಳಿಯ ತೊಡೆ ಮಾಂಸ 700 ಗ್ರಾಂ
ಕೋಳಿಯ ಹೃದಯ 150 ಗ್ರಾಂ
ಕೋಳಿಯ ಲಿವರ್ 50 ಗ್ರಾಂ, ಇದಕ್ಕಿಂತ ಹೆಚ್ಚು ಬೇಡ
ಮೊಟ್ಟೆ 2
ಮೆತ್ತಗೆ ಬೆಂದ ಕುಚ್ಚಲಕ್ಕಿ ಅನ್ನ 100 ಗ್ರಾಂ
ಮೊಟ್ಟೆಚಿಪ್ಪಿನ ನಯವಾದ ಪುಡಿ 1 ಟೀ ಚಮಚ, ಮಟ್ಟಸವಾಗಿ

ಎದೆ ಮಾಂಸ ಬೇಡ, ತೊಡೆಯೇ ಬೇಕು. ಕಪ್ಪು ಮಾಂಸದಲ್ಲಿ ಟಾರೀನ್ ಹೆಚ್ಚು, ಹೃದಯದಲ್ಲಿ ಇನ್ನೂ ಹೆಚ್ಚು. ಕೋಳಿ ಅಂಗಡಿಯಲ್ಲಿ ಮೊದಲೇ ಹೇಳಿಟ್ಟರೆ ಹೃದಯ ಬೇರೆ ತೆಗೆದಿಡುತ್ತಾರೆ.

1. ಮೊಟ್ಟೆಚಿಪ್ಪನ್ನು ತೊಳೆದು, ಹತ್ತು ನಿಮಿಷ ಕುದಿಸಿ, ಬಾಣಲೆಯಲ್ಲಿ ಗರಿಗರಿಯಾಗುವಂತೆ ಹುರಿದು, ಮಿಕ್ಸಿಯ ಸಣ್ಣ ಜಾರಿನಲ್ಲಿ ಹಿಟ್ಟಿನಂತೆ ಪುಡಿಮಾಡಿ. ಬೆರಳಿಗೆ ಚೂರು ತಾಗಿದರೆ ಜರಡಿ ಹಿಡಿಯಿರಿ. ಒಂದು ಟೀ ಚಮಚದಲ್ಲಿ ಸುಮಾರು 2 ಗ್ರಾಂ ಸುಣ್ಣದಂಶ ಇರುತ್ತದೆ. ಎಲುಬಿಲ್ಲದ ಮಾಂಸದಲ್ಲಿ ರಂಜಕ ತುಂಬ, ಸುಣ್ಣ ಕಡಿಮೆ. ಈ ಪುಡಿ ಬಿಟ್ಟರೆ ಶರೀರ ತನ್ನ ಎಲುಬಿನಿಂದಲೇ ಸುಣ್ಣ ಕೀಳುತ್ತದೆ. ಮರಿಗಳಿಗೆ ಬರೀ ಮಾಂಸ ಹಾಕಿದ ಮನೆಗಳಲ್ಲಿ ಕಾಲು ಸೊಟ್ಟಗಾಗಿ, ಜಿಗಿದರೆ ಮುರಿಯುವುದು ಇದರಿಂದಲೇ.

2. ಮಾಂಸ, ಹೃದಯವನ್ನು ಕಡಲೆಕಾಳಿನ ಗಾತ್ರಕ್ಕೆ ಕತ್ತರಿಸಿ. ಒಂದು ಲೋಟ ನೀರಿನಲ್ಲಿ, ಮುಚ್ಚಳ ಹಾಕಿ, ಸಣ್ಣ ಉರಿಯಲ್ಲಿ ಹದಿನೈದು ನಿಮಿಷ ಬೇಯಿಸಿ. ಉಪ್ಪು, ಅರಸಿನ, ಶುಂಠಿ ಏನೂ ಬೇಡ.

3. ಕೊನೆಯ ಐದು ನಿಮಿಷ ಇರುವಾಗ ಲಿವರ್ ಹಾಕಿ, ಮೊಟ್ಟೆ ಒಡೆದು ಕಲಸಿ. ಬಿಳಿ ಭಾಗ ಪೂರ್ತಿ ಬೇಯಬೇಕು. ಹಸಿ ಬಿಳಿಯಲ್ಲಿರುವ ಒಂದು ಪ್ರೋಟೀನು ಬಯೋಟಿನ್ ಎಂಬ ವಿಟಮಿನನ್ನು ಹಿಡಿದಿಟ್ಟುಕೊಳ್ಳುತ್ತದೆ.

4. ಬೆಂದ ನೀರನ್ನು ಚೆಲ್ಲಬೇಡಿ. ಟಾರೀನ್ ನೀರಿಗೆ ಇಳಿಯುತ್ತದೆ, ಚೆಲ್ಲಿದರೆ ಹೋದದ್ದು ಅದೇ. ಅನ್ನವನ್ನು ಆ ನೀರಿನಲ್ಲೇ ಕಿವುಚಿ ಸೇರಿಸಿ.

5. ಉಗುರು ಬೆಚ್ಚಗಾದ ಮೇಲೆ ಚಿಪ್ಪಿನ ಪುಡಿ, ವೈದ್ಯರು ಬರೆದ ಪೂರಕ ಇದ್ದರೆ ಅದನ್ನೂ ಕಲಸಿ. ಆರು ಪಾಲು ಮಾಡಿ, ಎರಡು ದಿನದ್ದು ಫ್ರಿಜ್ಜಿನಲ್ಲಿ, ಉಳಿದದ್ದು ಫ್ರೀಜರಿನಲ್ಲಿ.

ಫ್ರಿಜ್ಜಿನಿಂದ ತೆಗೆದದ್ದನ್ನು ಹಾಗೆಯೇ ಹಾಕಿದರೆ ಮೂಸಿ ಹೋಗುತ್ತದೆ, "ಇದಕ್ಕೆ ರುಚಿ ಹಿಡಿಸಲಿಲ್ಲ" ಎಂದು ನಾವು ತಿಳಿದುಕೊಳ್ಳುತ್ತೇವೆ. ರುಚಿಯ ಮಾತಲ್ಲ, ತಣ್ಣಗಿದ್ದರೆ ವಾಸನೆ ಏಳುವುದಿಲ್ಲ. ಬಿಸಿನೀರಿನಲ್ಲಿ ಬಟ್ಟಲಿಟ್ಟು ಮೈಬಿಸಿಯಷ್ಟು ಮಾಡಿ ಕೊಡಿ.

ಲಿವರ್ ಬೆಕ್ಕಿಗೆ ಪ್ರಾಣ, ಅಂಗಡಿಯಲ್ಲಿ ಅಗ್ಗ. ಅದಕ್ಕೇ ಅಪಾಯ. ದಿನಾ ಬರೀ ಲಿವರ್ ತಿಂದ ಬೆಕ್ಕಿನಲ್ಲಿ ವಿಟಮಿನ್ ಎ ಕೂಡಿಕೊಂಡು ಕುತ್ತಿಗೆಯ ಎಲುಬುಗಳು ಒಂದಕ್ಕೊಂದು ಬೆಸೆದುಕೊಳ್ಳುತ್ತವೆ. ಆಮೇಲೆ ಅದು ತನ್ನ ಬೆನ್ನನ್ನು ನೆಕ್ಕಲಾರದು.

ಬೂತಾಯಿ, ಬಂಗುಡೆ ಮತ್ತು ಮಳೆಗಾಲದ ಆಟಿ ತಿಂಗಳು

ಕಡಲ ಬದಿಯ ಮನೆಗಳಲ್ಲಿ ತೊಂದರೆ ತಿರುಗುಮುರುಗು: ಮೀನು ಬಿಟ್ಟು ಬೇರೇನೂ ಇಲ್ಲ. ಮೀನು ಒಳ್ಳೆಯದೇ, ಆದರೆ ವಾರಕ್ಕೆ ಎರಡು ದಿನ ಸಾಕು. ಕೆಲವು ಮೀನುಗಳ ಹಸಿ ಮಾಂಸದಲ್ಲಿರುವ ಕಿಣ್ವ ವಿಟಮಿನ್ ಬಿ1 ಅನ್ನು ನಾಶಮಾಡುತ್ತದೆ. ದಿನಾ ಹಸಿ ಮೀನೇ ತಿಂದರೆ ಬೆಕ್ಕು ತೂರಾಡುತ್ತದೆ, ತಲೆ ಎದೆಯ ಕಡೆ ಬಾಗುತ್ತದೆ, ಕೊನೆಗೆ ಸೆಳೆತ. ಬೇಯಿಸಿದರೆ ಆ ಕಿಣ್ವ ಸಾಯುತ್ತದೆ. ಎರಡನೆಯದು ಎಣ್ಣೆ. ಬೂತಾಯಿಯಂಥ ಎಣ್ಣೆಯಂಶದ ಮೀನು ಅತಿಯಾದಾಗ ಶರೀರದ ವಿಟಮಿನ್ ಇ ತೀರಿ, ಚರ್ಮದಡಿಯ ಕೊಬ್ಬು ಉರಿಯೂತದಿಂದ ಗಂಟುಗಟ್ಟುತ್ತದೆ. ಮುಟ್ಟಿದರೆ ಕಿರುಚುವ, ಎತ್ತಲು ಬಿಡದ ಬೆಕ್ಕಿಗೆ ಕೋಪ ಬಂದದ್ದಲ್ಲ, ನೋವು.

ಬೂತಾಯಿಯನ್ನು, ಮಲಯಾಳದವರ ಮತ್ತಿಯನ್ನು, ತಲೆ ಕರುಳು ತೆಗೆದು, ಅರ್ಧ ಲೋಟ ನೀರು ಹಾಕಿ ಕುಕ್ಕರಿನಲ್ಲಿ ಇಪ್ಪತ್ತೈದು ನಿಮಿಷ ಸಣ್ಣ ಉರಿಯಲ್ಲಿಡಿ. ಮುಳ್ಳು ಬೆರಳಿನಲ್ಲಿ ಹಿಸುಕಿದರೆ ಹಿಟ್ಟಾಗುತ್ತದೆ, ಸುಣ್ಣದಂಶ ಅಲ್ಲೇ ಸಿಕ್ಕಿತು. ಚಿಪ್ಪಿನ ಪುಡಿ ಆ ದಿನ ಬೇಡ. ಹಿಟ್ಟಾಗದ ಮುಳ್ಳಿದ್ದರೆ ತೆಗೆಯಿರಿ. ಹೊತ್ತಿಗೆ ನಡುಗಾತ್ರದ ಎರಡು ಮೀನು. ಬಂಗುಡೆಯ ಮುಳ್ಳು ದಪ್ಪ, ಅದನ್ನು ಬಿಡಿಸಿಯೇ ಕೊಡಿ. ಐಸಿಲ್ಲದೆ ಬಿಸಿಲಲ್ಲಿ ಬಿದ್ದ ಬಂಗುಡೆ, ಬೂತಾಯಿಗಳಲ್ಲಿ ಹಿಸ್ಟಮಿನ್ ಎಂಬ ವಿಷ ಹುಟ್ಟುತ್ತದೆ, ಅದು ಬೇಯಿಸಿದರೂ ಹೋಗುವುದಿಲ್ಲ. "ನಮಗೆ ಆಗದ ಮೀನು ಬೆಕ್ಕಿಗಾದರೂ ಆಗಲಿ" ಎಂಬುದು ಹಾಗಾಗಿ ತಪ್ಪು ಲೆಕ್ಕ. ಉಳಿದ ಮೀನ್ ಸಾರನ್ನು ಅನ್ನಕ್ಕೆ ಕಲಸುವುದೂ ಬೇಡ. ಅದರೊಳಗಿನ ನೀರುಳ್ಳಿ, ಬೆಳ್ಳುಳ್ಳಿ ಬೆಕ್ಕಿನ ಕೆಂಪು ರಕ್ತಕಣಗಳನ್ನು ಒಡೆಯುತ್ತವೆ; ಸ್ವಲ್ಪಸ್ವಲ್ಪವಾಗಿ ದಿನಾ ಹೋದರೂ ರಕ್ತ ಕಡಿಮೆಯಾಗುತ್ತದೆ.

ಕೇರಳದಲ್ಲಿ ಜೂನ್ 9ರ ನಡುರಾತ್ರಿಯಿಂದ ಜುಲೈ 31ರವರೆಗೆ 52 ದಿನ ಟ್ರಾಲಿಂಗ್ ನಿಷೇಧ, ಅಂದರೆ ಯಾಂತ್ರಿಕ ದೋಣಿಗಳು ಬಲೆ ಎಳೆಯುವಂತಿಲ್ಲ. ಮೀನಿಗೆ ಕ್ರಯ ಏರುವ ಆ ಹೊತ್ತಿನಲ್ಲಿ ಒಣಮೀನು ಹಾಕುವವರುಂಟು. ಅದರ ಉಪ್ಪು ನೆನೆಸಿ ತೊಳೆದರೂ ಪೂರ್ತಿ ಹೋಗದು. ಮೀನಿಗೇ ಅಂಟಿಕೊಂಡ ಬೆಕ್ಕನ್ನು ಮೇ ತಿಂಗಳಲ್ಲೇ ಕೋಳಿಗೋ ಕಾಳಿಗೋ ಬದಲಾಯಿಸಲು ತೊಡಗಿ.

ಬದಲಾಯಿಸುವ ಹತ್ತು ದಿನ

ಮೊದಲ ಮೂರು ದಿನ ಹಳೆಯದು ಮುಕ್ಕಾಲು, ಹೊಸದು ಕಾಲು. ಮುಂದಿನ ಮೂರು ದಿನ ಸಮಸಮ. ಆಮೇಲೆ ಮೂರು ದಿನ ಹೊಸದು ಮುಕ್ಕಾಲು. ಹತ್ತನೆಯ ದಿನ ಪೂರ್ತಿ ಹೊಸದು. ಹಾಲನ್ನದ ಬೆಕ್ಕಿಗೆ ಕಾಳನ್ನು ಬಿಸಿನೀರಿನಲ್ಲಿ ನೆನೆಸಿ, ಅನ್ನದೊಳಗೆ ಕಿವುಚಿ ಶುರುಮಾಡಿ. ಮೂಸಿ ಹಿಂದೆ ಸರಿದರೆ ಒಂದು ಹೆಜ್ಜೆ ಹಿಂದಕ್ಕೆ ಹೋಗಿ ಎರಡು ದಿನ ಕಾಯಿರಿ.

"ಹಸಿವಾದರೆ ತಾನೇ ತಿನ್ನುತ್ತದೆ" ಎಂದು ಉಪವಾಸ ಕೆಡವಬೇಡಿ. ಎರಡು ಮೂರು ದಿನ ಏನೂ ತಿನ್ನದ ಬೆಕ್ಕಿನಲ್ಲಿ, ದಪ್ಪಗಿದ್ದರಂತೂ ಇನ್ನೂ ಬೇಗ, ಮೈಯ ಕೊಬ್ಬೆಲ್ಲ ಕರಗಿ ಯಕೃತ್ತಿಗೆ ನುಗ್ಗಿ ಅಲ್ಲೇ ತುಂಬಿಕೊಳ್ಳುತ್ತದೆ. ಕಣ್ಣು, ಒಸಡು ಹಳದಿಯಾಗುತ್ತದೆ, ಪ್ರಾಣಕ್ಕೇ ಸಂಚಕಾರ. ನಾಯಿಗೆ ನಡೆಯುವ ಉಪವಾಸ ಬೆಕ್ಕಿಗೆ ನಡೆಯದು.

ನೀರು, ಬಟ್ಟಲು, ಇರುವೆ

4 ಕಿಲೋ ಬೆಕ್ಕಿಗೆ ದಿನಕ್ಕೆ ಸುಮಾರು 200 ಮಿಲಿಲೀಟರ್ ನೀರು, ಊಟದೊಳಗಿನದೂ ಸೇರಿ. ಬೇಯಿಸಿದ ಮಾಂಸ ತಿನ್ನುವ ಬೆಕ್ಕಿಗೆ ಅರ್ಧ ಅಲ್ಲೇ ಸಿಗುತ್ತದೆ. ಬರೀ ಒಣ ಕಾಳು ತಿನ್ನುವುದು ಉಳಿದದ್ದನ್ನೆಲ್ಲ ಕುಡಿಯಬೇಕು, ಕುಡಿಯುವುದಿಲ್ಲ. ಅದಕ್ಕೇ ಕಾಳನ್ನು ಒಂದು ಹೊತ್ತಾದರೂ ನೆನೆಸಿ ಕೊಡಿ. ನೀರಿನ ಪಾತ್ರೆ ಅಗಲವಾಗಿರಲಿ, ಮೀಸೆ ಅಂಚಿಗೆ ತಾಗಬಾರದು. ಊಟದ ಬಟ್ಟಲಿನಿಂದ ದೂರ, ಎರಡು ಮೂರು ಕಡೆ ಇಡಿ. ಗೆರಟೆ ನೋಡಲು ಚಂದ, ಆದರೆ ಬಾಯಿ ಕಿರಿದು, ನಾರಿನೊಳಗೆ ಹಳಸಿದ್ದು ಉಳಿಯುತ್ತದೆ. ಪ್ಲಾಸ್ಟಿಕ್ಕಿನಿಂದ ಕೆಲವು ಬೆಕ್ಕುಗಳ ಗಲ್ಲದಲ್ಲಿ ಕಪ್ಪು ಗುಳ್ಳೆ ಏಳುತ್ತದೆ. ಸ್ಟೀಲ್ ತಟ್ಟೆ ಎಲ್ಲಕ್ಕಿಂತ ಒಳ್ಳೆಯದು.

ಇರುವೆಗೆ ಲಕ್ಷ್ಮಣರೇಖೆ ಎಳೆಯಬೇಡಿ, ಬೆಕ್ಕು ಅದನ್ನು ಮೆಟ್ಟಿ ಕಾಲು ನೆಕ್ಕುತ್ತದೆ. ಅಗಲದ ತಟ್ಟೆಯಲ್ಲಿ ಒಂದಂಗುಲ ನೀರು ಹಾಕಿ, ನಡುವೆ ಬಟ್ಟಲಿಡಿ. ಒದ್ದೆ ಊಟವನ್ನು ಅರ್ಧ ಗಂಟೆಯ ಮೇಲೆ ಇಡಬಾರದು, ನಮ್ಮ ಸೆಕೆಗೆ ಹುಳಿಯುತ್ತದೆ. ದೊಡ್ಡ ಬೆಕ್ಕಿಗೆ ದಿನಕ್ಕೆ ಎರಡು ಹೊತ್ತು, ಆರು ತಿಂಗಳೊಳಗಿನದಕ್ಕೆ ಮೂರು, ಮೂರು ತಿಂಗಳೊಳಗಿನದಕ್ಕೆ ನಾಲ್ಕು.

ಮರಿಗೆ ನಾಲ್ಕು ವಾರ ತುಂಬಿದ ಮೇಲೆ ನೆನೆಸಿ ಕಿವುಚಿದ ಮರಿಗಳ ಆಹಾರ ತೋರಿಸಬಹುದು. ತಾಯಿಯಿಲ್ಲದ ಅದಕ್ಕಿಂತ ಎಳೆಯ ಮರಿಗೆ ಹಸುವಿನ ಹಾಲು ಸಾಲದು. ಬೆಕ್ಕಿನ ಹಾಲಿನಲ್ಲಿ ಪ್ರೋಟೀನು ಎಷ್ಟೋ ಹೆಚ್ಚು. ಔಷಧಿ ಅಂಗಡಿಯಲ್ಲಿ ಬೆಕ್ಕಿನ ಮರಿಯ ಹಾಲಿನ ಪುಡಿ ಕೇಳಿ. ವಾರಕ್ಕೆ ಸುಮಾರು 100 ಗ್ರಾಂ ತೂಕ ಏರುತ್ತಿದ್ದರೆ ಸರಿಯಾಗಿದೆ.

ತೋಟದ ಮನೆಯ ಅಪಾಯಗಳು

ಮಳೆಗಾಲದ ಮೊದಲು, ಮತ್ತೆ ನಲುವತ್ತೈದು ದಿನದ ಹೊತ್ತಿಗೆ ಅಡಿಕೆಗೆ ಬೋರ್ಡೊ (ಮೈಲುತುತ್ತು, ಸುಣ್ಣದ ದ್ರಾವಣ) ಹೊಡೆಯುವಾಗ ಬೆಕ್ಕನ್ನು ಒಳಗೆ ಕೂಡಿಹಾಕಿ, ಹೊರಗಿನ ನೀರಿನ ಪಾತ್ರೆ ಮಗುಚಿಡಿ, ಮೈಲುತುತ್ತು ಕದಡಿದ ಪೀಪಾಯಿ ಮುಚ್ಚಿ. ಪಾದಕ್ಕೆ ನೀಲಿ ಹತ್ತಿದ್ದು ಕಂಡರೆ ಅದು ನೆಕ್ಕುವ ಮೊದಲು ತೊಳೆಯಿರಿ. ಇಲಿ ಪಾಷಾಣ ಇಟ್ಟ ಮನೆಯಲ್ಲಿ, ಪಕ್ಕದ ಮನೆಯಲ್ಲಿಟ್ಟರೂ, ಬೆಕ್ಕು ಸತ್ತ ಇಲಿ ತಿಂದು ವಿಷವೇರಿಸಿಕೊಳ್ಳಬಹುದು. ಹಲ್ಲಿ ತಿನ್ನುವ ಬೆಕ್ಕಿನ ಪಿತ್ತನಾಳದಲ್ಲಿ ಒಂದು ಬಗೆಯ ಚಪ್ಪಟೆ ಹುಳು ಸೇರುತ್ತದೆ, ಮಾಮೂಲಿ ಪ್ರಮಾಣದ ಹುಳದ ಮದ್ದಿಗೆ ಅದು ಬಗ್ಗದು. ಬೆಕ್ಕು ಸೊರಗಿ ಹಳದಿಯಾದರೆ "ಹಲ್ಲಿ ತಿನ್ನುತ್ತದೆ" ಎಂದು ವೈದ್ಯರಿಗೆ ಹೇಳಿ. ಬೇಟೆಯಾಡುವ ಬೆಕ್ಕಿಗೆ ಮೂರು ತಿಂಗಳಿಗೊಮ್ಮೆ ಹುಳದ ಮದ್ದು.

ಜ್ವರವೆಂದು ಪ್ಯಾರಾಸಿಟಮಾಲ್ ಕೊಡಬೇಡಿ, ಒಂದೇ ಮಾತ್ರೆ ಬೆಕ್ಕನ್ನು ಕೊಲ್ಲಬಲ್ಲದು. ನಾಯಿಯ ಉಣ್ಣಿಗೆ ಹಾಕುವ ಪರ್ಮೆತ್ರಿನ್ ಹನಿಯೂ ಹಾಗೆಯೇ. ಬೇಯಿಸಿದ ಕೋಳಿ ಎಲುಬು ಚೂಪಾಗಿ ಸೀಳುತ್ತದೆ.

ಕೊನೆಯದಾಗಿ ಗಂಡು ಬೆಕ್ಕಿನ ಮೂತ್ರ ಕಟ್ಟುವ ಕಾಯಿಲೆ. ಒಣ ಕಾಳೇ ತಿಂದು ನೀರು ಕುಡಿಯದವುಗಳಲ್ಲಿ ಹೆಚ್ಚು. ಮರಳ ಪೆಟ್ಟಿಗೆಗೆ ಮತ್ತೆ ಮತ್ತೆ ಹೋಗಿ ಕುಳಿತು, ಮುಕ್ಕಿ, ಕೂಗಿ, ಒಂದು ಹನಿಯೂ ಬಾರದಿದ್ದರೆ ಮೂತ್ರನಾಳ ಕಟ್ಟಿದೆ. ಮನೆಯವರು ಇದನ್ನು ಮಲಬದ್ಧತೆ ಎಂದು ತಿಳಿದು ಎಣ್ಣೆ ಕುಡಿಸುತ್ತಾ ಕೂರುತ್ತಾರೆ, ಅಷ್ಟರಲ್ಲಿ ಹೊತ್ತು ಮೀರುತ್ತದೆ. ಒಂದೆರಡು ದಿನದೊಳಗೆ ಸಾಯುವ ಕಾಯಿಲೆ ಇದು. ನಾಳೆ ನೋಡೋಣ ಎನ್ನದೆ ಹತ್ತಿರದ ಮೃಗಾಸ್ಪತ್ರೆಗೆ ಫೋನ್ ಮಾಡಿ ವೈದ್ಯರಿದ್ದಾರೆಯೇ, ಟ್ಯೂಬ್ ಹಾಕುತ್ತಾರೆಯೇ ಕೇಳಿ. ಇಲ್ಲದಿದ್ದರೆ ಮಂಗಳೂರಿಗೆ ಹೊರಡಿ. ಪೆಟ್ಟಿಗೆಯಿಲ್ಲದಿದ್ದರೆ ಮುಚ್ಚಳವಿರುವ ಬುಟ್ಟಿಗೆ ಹಳೆಯ ಪಂಚೆ ಹಾಸಿ, ಬೆಕ್ಕನ್ನಿಟ್ಟು, ಹಗ್ಗ ಬಿಗಿಯಿರಿ. ಹೊಟ್ಟೆಯನ್ನು ಒತ್ತಬೇಡಿ, ಮೂತ್ರಚೀಲ ಒಡೆದೀತು. ಕೊನೆಯ ಸಲ ಮೂತ್ರ ಮಾಡಿದ್ದು ಯಾವಾಗ, ಏನು ತಿನ್ನುತ್ತಿತ್ತು ಎಂಬುದನ್ನು ಒಂದು ಚೀಟಿಯಲ್ಲಿ ಬರೆದುಕೊಂಡು ಹೋಗಿ. ಆಸ್ಪತ್ರೆಯಲ್ಲಿ ಮೊದಲು ಕೇಳುವುದು ಅದನ್ನೇ.